ಸೈಟೇಶನ್ ನೋಡಿ ಗೈಡ್ ಆರಿಸಬಹುದೇ?

ಪ್ರಶ್ನೆ: ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮುಗಿಸಿದ್ದೇನೆ, ಸಂಶೋಧನೆಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಕೂಡ ಸಿಕ್ಕಿದೆ. ಪೆಪ್ಟೈಡ್ ರಿಸೆಪ್ಟರ್‌ಗಳ (ಪೆಪ್ಟೈಡ್ ಎಂಬ ಪುಟ್ಟ ಅಮೈನೋ ಆಮ್ಲದ ಸರಪಳಿಗಳು ಬಂದು ಅಂಟುವ, ಕೋಶದ ಪ್ರೋಟೀನ್‌ಗಳ) ಮೇಲೆ ಕೆಲಸ ಮಾಡುವ ಇಬ್ಬರು ವಿಜ್ಞಾನಿಗಳ ಲ್ಯಾಬ್‌ನಲ್ಲಿ ಪಿಎಚ್‌ಡಿಗೆ ಅವಕಾಶವಿದೆ. ಒಬ್ಬರ ಗೂಗಲ್ ಸ್ಕಾಲರ್ ಪುಟದಲ್ಲಿ ಸಾವಿರಾರು ಸೈಟೇಶನ್, ದೊಡ್ಡ ಎಚ್-ಇಂಡೆಕ್ಸ್. ಇನ್ನೊಬ್ಬರದು ಅದರ ಕಾಲು ಭಾಗವೂ ಇಲ್ಲ, ಆದರೆ ಅವರ ಪೇಪರ್ ಓದಿದಾಗ ತುಂಬ ಇಷ್ಟವಾಯಿತು. ಮನೆಯವರು, ಸೀನಿಯರ್‌ಗಳು ಎಲ್ಲರೂ ಮೊದಲನೆಯವರ ಹತ್ತಿರವೇ ಸೇರು ಎನ್ನುತ್ತಿದ್ದಾರೆ. ಈ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?
– ಒಬ್ಬ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಒಂದು ಸಂಗತಿ. ಎರಡನೆಯವರ ಪೇಪರನ್ನು ನೀವು ಓದಿದ್ದೀರಿ, ಮೊದಲನೆಯವರದು ಅಂಕಿ ಮಾತ್ರ ನೋಡಿದ್ದೀರಿ. ಮೊದಲನೆಯವರ ಪೇಪರ್‌ಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಿದ ಮೇಲೆ ತೀರ್ಮಾನ ಮಾಡಿ. ಓದುವುದು ಹೇಗೆ ಎಂದು ಕೊನೆಗೆ ಹೇಳುತ್ತೇನೆ. ಅದಕ್ಕೂ ಮುಂಚೆ ಆ ಅಂಕಿಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎನ್ನುವುದನ್ನು ನಮ್ಮ ಕ್ಷೇತ್ರದ್ದೇ ನಿಜ ಸಂಗತಿಗಳಿಂದ ಬಿಡಿಸಿ ಹೇಳಬೇಕು.

ಸೈಟೇಶನ್ ಎಂದರೆ ಬೇರೆ ಯಾರೋ ತಮ್ಮ ಪೇಪರಿನ ಕೊನೆಯ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದಾರೆ ಎಂದಷ್ಟೇ ಅರ್ಥ. ಆ ಫಲಿತಾಂಶದ ಮೇಲೆ ತಮ್ಮ ಕೆಲಸ ಕಟ್ಟಿದರೋ, ವಿಧಾನ ಎರವಲು ಪಡೆದರೋ, ತಪ್ಪೆಂದು ತೋರಿಸಲು ಹೆಸರಿಸಿದರೋ, ಪೀಠಿಕೆಯಲ್ಲಿ ಹತ್ತರ ಜೊತೆ ಹನ್ನೊಂದನೆಯದಾಗಿ ಹಾಕಿದರೋ ಎಂಬ ವ್ಯತ್ಯಾಸ ಎಣಿಕೆಯಲ್ಲಿ ಅಳಿಸಿಹೋಗುತ್ತದೆ. ಎಚ್-ಇಂಡೆಕ್ಸನ್ನು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದರು. ಒಬ್ಬರ 20 ಪೇಪರ್‌ಗಳಿಗೆ ತಲಾ 20 ಅಥವಾ ಅದಕ್ಕಿಂತ ಹೆಚ್ಚು ಸೈಟೇಶನ್ ಬಂದಿದ್ದರೆ ಅವರ ಎಚ್-ಇಂಡೆಕ್ಸ್ 20. ಈ ಲೆಕ್ಕದ ಒಳಗೇ ಎರಡು ಗುಣಗಳಿವೆ. ಏಳೇ ಪೇಪರ್ ಬರೆದವರ ಎಚ್-ಇಂಡೆಕ್ಸ್ 7 ದಾಟುವುದು ಸಾಧ್ಯವೇ ಇಲ್ಲ, ಆ ಏಳರಲ್ಲಿ ಒಂದು ವೈದ್ಯಶಾಸ್ತ್ರದ ದಾರಿಯನ್ನೇ ಬದಲಿಸಿದ್ದರೂ. ಇನ್ನು ಈ ಅಂಕಿ ವರ್ಷ ಕಳೆದಂತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಲ್ಯಾಬ್ ಬಾಗಿಲು ಹಾಕಿ ಹತ್ತು ವರ್ಷವಾಗಿದ್ದರೂ ಹಳೆಯ ಪೇಪರ್‌ಗಳು ಅದನ್ನು ಮೇಲೆತ್ತುತ್ತಲೇ ಇರುತ್ತವೆ. ಆದ್ದರಿಂದ ಐವತ್ತೆಂಟರ ಪ್ರೊಫೆಸರನ್ನೂ ಮೂವತ್ತೆಂಟರ ಅಸಿಸ್ಟೆಂಟ್ ಪ್ರೊಫೆಸರನ್ನೂ ಈ ಅಂಕಿ ಇಟ್ಟು ಹೋಲಿಸುವುದು ನ್ಯಾಯವಲ್ಲ. ಆ ಇಬ್ಬರು ವಿಜ್ಞಾನಿಗಳ ವಯಸ್ಸನ್ನು ನೀವು ಬರೆದಿಲ್ಲ. ಮೊದಲು ಅದನ್ನು ನೋಡಿ. ಇಬ್ಬರ ಅಂಕಿಯನ್ನೂ ಒಂದೇ ತಾಣದಲ್ಲಿ ನೋಡಬೇಕು ಎನ್ನುವುದೂ ನೆನಪಿರಲಿ. ಗೂಗಲ್ ಸ್ಕಾಲರ್ ಥೀಸಿಸ್, ಪ್ರೀಪ್ರಿಂಟ್ ಎಲ್ಲವನ್ನೂ ಎಣಿಸುವುದರಿಂದ ಅಲ್ಲಿನ ಸಂಖ್ಯೆ ಸಾಮಾನ್ಯವಾಗಿ ಸೈಟೇಶನ್ ಎಣಿಸುವ ಇನ್ನೊಂದು ತಾಣವಾದ ಸ್ಕೋಪಸ್‌ಗಿಂತ ದೊಡ್ಡದಾಗಿರುತ್ತದೆ.

ಎಂಎಸ್ಸಿ ಪ್ರಾಕ್ಟಿಕಲ್‌ನಲ್ಲಿ ನೀವು ಲೌರಿ ವಿಧಾನದಿಂದ ಪ್ರೋಟೀನ್ ಅಳೆದೇ ಇರುತ್ತೀರಿ, ನೀಲಿ ಬಣ್ಣ ಬರುತ್ತದಲ್ಲ, ಅದು. ಆಲಿವರ್ ಲೌರಿ ಮತ್ತು ಸಂಗಡಿಗರ ಆ 1951ರ ಪೇಪರ್ ವಿಜ್ಞಾನದ ಇತಿಹಾಸದಲ್ಲೇ ಅತಿ ಹೆಚ್ಚು ಸೈಟೇಶನ್ ಪಡೆದದ್ದು. 2014ರಲ್ಲಿ ನೇಚರ್ ಪತ್ರಿಕೆ ಪಟ್ಟಿ ಮಾಡಿದಾಗ ಅದರ ಸಂಖ್ಯೆ 3 ಲಕ್ಷ ದಾಟಿತ್ತು. ಎರಡನೆಯ ಸ್ಥಾನ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಲೆಮ್ಲಿಯವರ 1970ರ ಜೆಲ್ ಪೇಪರಿನದು, ಮೂರನೆಯದು ಪ್ರೋಟೀನ್ ಅಳೆಯುವ ಬ್ರಾಡ್‌ಫರ್ಡ್ ವಿಧಾನದ್ದು. ಮೂರೂ ಬಯೋಕೆಮಿಸ್ಟ್ರಿ ಲ್ಯಾಬಿನ ದಿನನಿತ್ಯದ ವಿಧಾನಗಳೇ. ರಿಸೆಪ್ಟರ್ ಕೆಲಸದಲ್ಲಂತೂ ಎಷ್ಟು ರಿಸೆಪ್ಟರ್ ಇದೆ ಎಂದು ಹೇಳುವುದೇ ಒಂದು ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ಫೆಮ್ಟೋಮೋಲ್ (ಅತಿ ಸಣ್ಣ ಪ್ರಮಾಣದ ಅಳತೆ) ಎಂಬ ಲೆಕ್ಕದಲ್ಲಿ. ಹಾಗಾಗಿ ಬಹಳಷ್ಟು ಪೇಪರ್‌ಗಳಲ್ಲಿ ಪ್ರೋಟೀನ್ ಅಳತೆಯ ವಿಧಾನಕ್ಕೆ ಒಂದು ಸೈಟೇಶನ್ ಹೋಗುತ್ತದೆ. ತಮ್ಮ ಆ ಪೇಪರ್ ಮಹತ್ವದ ಶೋಧವೇನಲ್ಲ ಎಂದು ಲೌರಿಯವರೇ ಬರೆದಿದ್ದಾರೆ. ಉಪಯೋಗವಾದದ್ದು ಒಂದು, ಹೊಸದನ್ನು ಕಂಡದ್ದು ಇನ್ನೊಂದು. ಎರಡೂ ಗೌರವಕ್ಕೆ ಅರ್ಹ, ಆದರೆ ಸೈಟೇಶನ್ ಎಣಿಕೆಯಲ್ಲಿ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ. ಇತರರ ಕೆಲಸವನ್ನು ಒಟ್ಟುಮಾಡಿ ಬರೆಯುವ ರಿವ್ಯೂ ಲೇಖನಗಳದೂ ಇದೇ ಕಥೆ. ಒಂದು ಒಳ್ಳೆಯ ರಿವ್ಯೂ ಅದರೊಳಗೆ ಚರ್ಚಿಸಿದ ಮೂಲ ಪ್ರಯೋಗಗಳಿಗೆ ಸಲ್ಲಬೇಕಾದ ಸೈಟೇಶನ್ನುಗಳನ್ನೆಲ್ಲ ತಾನೇ ಪಡೆದುಬಿಡುತ್ತದೆ. ನಿಮ್ಮ ಮೊದಲನೆಯ ವಿಜ್ಞಾನಿಯ ಪುಟದಲ್ಲಿ ಮೇಲಿನ ಹತ್ತು ಪೇಪರ್‌ಗಳ ಪೈಕಿ ಎಷ್ಟು ರಿವ್ಯೂ, ಎಷ್ಟು ಸ್ವಂತ ಪ್ರಯೋಗ ಎಂದು ಎಣಿಸಿ ನೋಡಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವ್ಯಕ್ತಿಯ ವಿಷಯ. ಓಜೆಂಪಿಕ್, ವೆಗೊವಿ ಹೆಸರುಗಳನ್ನು ಕೇಳಿರುತ್ತೀರಿ. ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ಇಂದು ಜಗತ್ತೇ ಬಳಸುತ್ತಿರುವ ಈ ಔಷಧಗಳ ಬುಡದಲ್ಲಿರುವುದು ಜಿಎಲ್‌ಪಿ-1 ಎಂಬ ಪೆಪ್ಟೈಡ್ ಮತ್ತು ಅದರ ರಿಸೆಪ್ಟರ್. ಈ ಪೆಪ್ಟೈಡಿನ ಕೆಲಸ ಮಾಡುವ ರೂಪ ಯಾವುದು ಎಂದು ಗುರುತಿಸಿದವರಲ್ಲಿ ಸ್ವೆಟ್ಲಾನಾ ಮೊಯ್ಸೊವ್ ಪ್ರಮುಖರು. ಹುಟ್ಟಿದ್ದು ಸ್ಕೋಪಿಯೆಯಲ್ಲಿ, ಓದಿದ್ದು ಬೆಲ್‌ಗ್ರೇಡ್‌ನಲ್ಲಿ. ನಂತರ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಮೆರಿಫೀಲ್ಡ್ ಅವರ ಲ್ಯಾಬ್. ಪೆಪ್ಟೈಡನ್ನು ರಾಳದ ಮಣಿಗಳ ಮೇಲೆ ಒಂದೊಂದೇ ಅಮೈನೋ ಆಮ್ಲ ಪೋಣಿಸುತ್ತ ತಯಾರಿಸುವ ವಿಧಾನವನ್ನು 1963ರಲ್ಲಿ ಪ್ರಕಟಿಸಿ, ಅದಕ್ಕೆ 1984ರ ನೊಬೆಲ್ ಪಡೆದವರು ಮೆರಿಫೀಲ್ಡ್. ಅಲ್ಲಿ ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಹಾರ್ಮೋನನ್ನು ತಯಾರಿಸುವ ಕೆಲಸದಲ್ಲಿ ಪಳಗಿದ ಮೊಯ್ಸೊವ್, 1980ರ ದಶಕದಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಬಂದು ಅಲ್ಲಿನ ಪೆಪ್ಟೈಡ್ ತಯಾರಿಕಾ ಘಟಕದ ಹೊಣೆ ಹೊತ್ತರು.

ಅದೇ ಆಸ್ಪತ್ರೆಯಲ್ಲಿ ಜೋಯೆಲ್ ಹೆಬೆನರ್ ಅವರ ತಂಡ ಗ್ಲುಕಗಾನ್ ಜೀನಿನ ಮೇಲೆ ಕೆಲಸ ಮಾಡುತ್ತಿತ್ತು. ಮೊದಲು ಮೀನಿನ, 1983ರಲ್ಲಿ ಗ್ರೇಮ್ ಬೆಲ್ ತಂಡದಿಂದ ಹ್ಯಾಮ್‌ಸ್ಟರ್ ಮತ್ತು ಮನುಷ್ಯರ ಜೀನ್ ಓದಲು ಸಿಕ್ಕಾಗ, ಗ್ಲುಕಗಾನ್ ಪಕ್ಕದಲ್ಲೇ ಅದನ್ನು ಹೋಲುವ ಬೇರೆ ಪೆಪ್ಟೈಡ್‌ಗಳ ಸುಳಿವು ಕಂಡಿತು. ಜೀನಿನ ಪ್ರಕಾರ ಜಿಎಲ್‌ಪಿ-1ರಲ್ಲಿ 37 ಅಮೈನೋ ಆಮ್ಲಗಳಿರಬೇಕು. ಆದರೆ ಪೂರ್ತಿ 37ರ ಸರಪಳಿ ಇನ್ಸುಲಿನ್ ಹೊರಡಿಸುವುದಿಲ್ಲ. ಮೊಯ್ಸೊವ್ ಸರಪಳಿಯನ್ನು ಗ್ಲುಕಗಾನ್ ಪಕ್ಕದಲ್ಲಿಟ್ಟು ನೋಡಿದರು. ಗ್ಲುಕಗಾನ್ ಶುರುವಾಗುವುದು ಹಿಸ್ಟಿಡಿನ್‌ನಿಂದ. ಜಿಎಲ್‌ಪಿ-1ರಲ್ಲಿ ಆ ಹಿಸ್ಟಿಡಿನ್ ಇರುವುದು ಏಳನೆಯ ಸ್ಥಾನದಲ್ಲಿ. ಹಾಗಾದರೆ ಮೊದಲ ಆರನ್ನು ದೇಹ ಕತ್ತರಿಸಿ ಹಾಕುತ್ತದೆ, 7ರಿಂದ 37ರವರೆಗಿನ ತುಂಡೇ ನಿಜವಾದ ಹಾರ್ಮೋನು ಎಂಬುದು ಅವರ ಊಹೆ. ಊಹೆಗೇ ನಿಲ್ಲಿಸಲಿಲ್ಲ. ಬೇಕಾದ ಪೆಪ್ಟೈಡ್‌ಗಳನ್ನು ತಾವೇ ತಯಾರಿಸಿ, ಅವುಗಳನ್ನು ಗುರುತು ಹಿಡಿದು ಅಂಟುವ ಆಂಟಿಬಾಡಿ ಮಾಡಿಸಿ, ಆ ತುಂಡು ಇಲಿಯ ಕರುಳಿನಲ್ಲಿ ನಿಜಕ್ಕೂ ಇದೆ ಎಂದು ತೋರಿಸಿದರು. ಆಮೇಲೆ ಗೋರ್ಡನ್ ವೇರ್ ಜೊತೆ ಇಲಿಯ ಮೇದೋಜೀರಕ ಗ್ರಂಥಿಯ ಮೂಲಕ ಅದನ್ನು ಹರಿಸಿದಾಗ, ಲೀಟರಿಗೆ 50 ಪಿಕೋಮೋಲ್‌ನಷ್ಟು ಅತ್ಯಲ್ಪ ಪ್ರಮಾಣದಲ್ಲೇ ಇನ್ಸುಲಿನ್ ಹೊರಬಂತು. ಪೂರ್ತಿ 37ರ ಸರಪಳಿಯನ್ನು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಕೊಟ್ಟರೂ ಏನೂ ಆಗಲಿಲ್ಲ. ಇದು 1987ರ ಪೇಪರ್, ಲೇಖಕರ ಕ್ರಮ ಮೊಯ್ಸೊವ್, ವೇರ್, ಹೆಬೆನರ್. ಅದೇ ವರ್ಷ ಕೋಪನ್‌ಹೇಗನ್ನಿನ ಯೆನ್ಸ್ ಹೋಲ್ಸ್ಟ್ ತಂಡವೂ, ಹೆಬೆನರ್ ಲ್ಯಾಬಿನಲ್ಲಿದ್ದ ಡೇನಿಯಲ್ ಡ್ರಕ್ಕರ್ ಕೂಡ ಇದೇ ದಿಕ್ಕಿನ ಫಲಿತಾಂಶಗಳನ್ನು ಪ್ರಕಟಿಸಿದರು.

ಮುಂದೆ ನಡೆದದ್ದನ್ನು ಗಮನಿಸಿ. ಹೆಬೆನರ್, ಡ್ರಕ್ಕರ್, ಹೋಲ್ಸ್ಟ್ ಮೂವರೂ ತಮ್ಮದೇ ದೊಡ್ಡ ಲ್ಯಾಬ್ ನಡೆಸಿದರು, ನೂರಾರು ಪೇಪರ್ ಬರೆದರು, ಸೈಟೇಶನ್ ಪಟ್ಟಿಗಳಲ್ಲಿ ಬಹಳ ಮೇಲೇರಿದರು. ಅವರ ಕೊಡುಗೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಮೊಯ್ಸೊವ್ ರಾಕ್‌ಫೆಲ್ಲರ್‌ಗೆ ಮರಳಿ ಬೇರೆಯವರ ಲ್ಯಾಬಿನ ಆಸರೆಯಲ್ಲಿ ದುಡಿದರು. ಪೇಪರ್‌ಗಳು ಕಡಿಮೆ, ಆದ್ದರಿಂದ ಎಚ್-ಇಂಡೆಕ್ಸೂ ಕಡಿಮೆಯೇ ಇರಬೇಕಾದ್ದು. ಪೇಟೆಂಟ್‌ಗಳಲ್ಲಿ ಮೊದಲಿಗೆ ಅವರ ಹೆಸರೇ ಇರಲಿಲ್ಲ. ವಕೀಲರನ್ನು ಹಿಡಿದು ಹೋರಾಡಿ ತಮ್ಮ ಹೆಸರು ಸೇರಿಸಿಕೊಳ್ಳಬೇಕಾಯಿತು. 2021ರ ಗೈರ್ಡ್‌ನರ್ ಪ್ರಶಸ್ತಿ ಡ್ರಕ್ಕರ್, ಹೆಬೆನರ್, ಹೋಲ್ಸ್ಟ್ ಅವರಿಗೆ ಬಂತು, ಮೊಯ್ಸೊವ್ ಇರಲಿಲ್ಲ. 2023ರಲ್ಲಿ ಸೈನ್ಸ್ ಪತ್ರಿಕೆ ಅವರ ಕಥೆಯನ್ನು ವಿವರವಾಗಿ ಬರೆದ ಮೇಲೆ ಲೋಕ ತಿರುಗಿ ನೋಡಿತು. 2024ರಲ್ಲಿ ಲಾಸ್ಕರ್ ಪ್ರಶಸ್ತಿ ಹೆಬೆನರ್, ಮೊಯ್ಸೊವ್ ಮತ್ತು ನೋವೋ ನಾರ್ಡಿಸ್ಕ್ ಕಂಪನಿಯ ಲೊಟ್ಟೆ ಬಿಯೆರ್ ಕ್ನುಡ್ಸನ್ ಅವರಿಗೆ ಸಂದಿತು.

ಸುಮಾರು ಮೂವತ್ತೈದು ವರ್ಷ ಆ ಪೇಪರ್ ಎಲ್ಲಿಯೂ ಅಡಗಿರಲಿಲ್ಲ. ಮೊದಲ ಹೆಸರು ಯಾರದ್ದು ಎಂದು ಅಚ್ಚಾಗಿಯೇ ಇತ್ತು, ಸೈಟೇಶನ್ನುಗಳೂ ಬರುತ್ತಲೇ ಇದ್ದವು. ಆದರೆ ಎಣಿಕೆ ಮೂವರು ಲೇಖಕರಿಗೂ ಒಂದೇ ಸಂಖ್ಯೆ ಕೊಡುತ್ತದೆ. ಪೆಪ್ಟೈಡ್ ತಯಾರಿಸಿದ್ದು ಯಾರು, ಏಳನೆಯ ಸ್ಥಾನದ ಮೇಲೆ ಬೆರಳಿಟ್ಟದ್ದು ಯಾರು ಎಂದು ಅದಕ್ಕೆ ಗೊತ್ತಿಲ್ಲ. ಈ ಕಥೆ ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ, ಯಾಕೆಂದರೆ ಸತ್ಯ ತಿಳಿಯಲು ಬೇಕಾಗಿದ್ದದ್ದು ಆ ಪೇಪರನ್ನೂ ಅದರ ಹಿಂದಿನ 1986ರ ಪೇಪರನ್ನೂ ಕೂತು ಓದುವುದಷ್ಟೇ.

ಅಂದ ಮೇಲೆ ಹೆಚ್ಚು ಸೈಟೇಶನ್ ಇದ್ದವರೆಲ್ಲ ಟೊಳ್ಳು, ಕಡಿಮೆ ಇದ್ದವರೆಲ್ಲ ಎಲೆಮರೆಯ ಕಾಯಿ ಎಂದು ತಿಳಿಯಬೇಡಿ. ಕಡಿಮೆ ಸೈಟೇಶನ್ನಿಗೆ ಬಹಳ ಸಲ ಕಾರಣ ಕೆಲಸ ಸಾಧಾರಣವಾಗಿರುವುದೇ. ಆದರೆ ಕ್ಷೇತ್ರದ ಬಿಸಿಯೂ ಒಂದು ಕಾರಣ. ಕಿಸ್‌ಪೆಪ್ಟಿನ್ ಉದಾಹರಣೆ ನೋಡಿ: ಅದರ ಜೀನ್ 1996ರಲ್ಲಿ ಕ್ಯಾನ್ಸರ್ ಹರಡುವಿಕೆಯನ್ನು ತಡೆಯುವ ಜೀನ್ ಎಂದು ಪ್ರಕಟವಾಗಿತ್ತು. 2003ರಲ್ಲಿ ಎರಡು ತಂಡಗಳು ಅದರ ರಿಸೆಪ್ಟರ್ ಕೆಟ್ಟರೆ ಹರೆಯವೇ ಬರುವುದಿಲ್ಲ ಎಂದು ತೋರಿಸಿದ ಮೇಲೆ ಹಾರ್ಮೋನು ವಿಜ್ಞಾನಿಗಳೆಲ್ಲ ಅತ್ತ ಧಾವಿಸಿದರು. ಯಾರೂ ಕೆಲಸ ಮಾಡದ ರಿಸೆಪ್ಟರ್ ಹಿಡಿದವರಿಗೆ ಸೈಟ್ ಮಾಡುವವರೇ ಇರುವುದಿಲ್ಲ. ನಿಮ್ಮ ಇಬ್ಬರು ಯಾವ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತಾರೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಸೈಟೇಶನ್ ಸಂಖ್ಯೆ ಆ ಫಲಿತಾಂಶ ಸರಿಯೇ ಎಂದು ಹೇಳುವುದಿಲ್ಲ. ಜಿಎಲ್‌ಪಿ-1 ರಿಸೆಪ್ಟರ್ ಯಾವ ಯಾವ ಅಂಗದಲ್ಲಿದೆ ಎಂದು ತೋರಿಸಲು ಎಷ್ಟೋ ಲ್ಯಾಬ್‌ಗಳು ಮಾರುಕಟ್ಟೆಯಲ್ಲಿ ಸಿಗುವ ಆಂಟಿಬಾಡಿಗಳನ್ನು ಬಳಸಿದ್ದವು. ಪ್ರೋಟೀನ್ ಪತ್ತೆ ಮಾಡುವ ಬ್ಲಾಟ್ ಪರೀಕ್ಷೆಯಲ್ಲಿ ಅಚ್ಚುಕಟ್ಟಾದ ಬ್ಯಾಂಡ್ (ಪಟ್ಟಿ) ಬರುತ್ತಿತ್ತು, ಪೇಪರ್ ಆಗುತ್ತಿತ್ತು, ಅದನ್ನು ಇತರರು ಸೈಟ್ ಮಾಡುತ್ತಿದ್ದರು. 2013ರಲ್ಲಿ ಡ್ರಕ್ಕರ್ ಲ್ಯಾಬಿನವರು ಹೀಗೆ ಬಳಕೆಯಲ್ಲಿದ್ದ ಆಂಟಿಬಾಡಿಗಳನ್ನು ಆ ರಿಸೆಪ್ಟರ್ ಜೀನೇ ಇಲ್ಲದ ಇಲಿಗಳ ಅಂಗಾಂಶದ ಮೇಲೆ ಹಾಕಿ ನೋಡಿದರು. ರಿಸೆಪ್ಟರ್ ಇಲ್ಲದ ಕಡೆಯೂ ಬ್ಯಾಂಡ್ ಬಂತು. ಅಂದರೆ ಆಂಟಿಬಾಡಿ ಅಂಟಿಕೊಳ್ಳುತ್ತಿದ್ದದ್ದು ಬೇರೆ ಯಾವುದೋ ಪ್ರೋಟೀನಿಗೆ. ಅದೇ ವರ್ಷ ಕ್ನುಡ್ಸನ್ ಮತ್ತು ಅವರ ಸಹೋದ್ಯೋಗಿ ಪೈಕ್ ಕೂಡ ಇದೇ ಎಚ್ಚರಿಕೆಯನ್ನು ಪ್ರಕಟಿಸಿದರು. ಇದು ಜಿಎಲ್‌ಪಿ-1ರ ಒಂದೇ ಕಥೆಯೂ ಅಲ್ಲ. ಜಿ-ಪ್ರೋಟೀನ್ ಜೊತೆ ಕೆಲಸ ಮಾಡುವ ಈ ದೊಡ್ಡ ರಿಸೆಪ್ಟರ್ ಕುಟುಂಬದಲ್ಲಿ ಆಂಟಿಬಾಡಿಗಳ ವಿಶ್ವಾಸಾರ್ಹತೆ ಹಳೆಯ ಸಮಸ್ಯೆ. ಇಂಥ ಆಂಟಿಬಾಡಿ ನೆಚ್ಚಿ ಬರೆದ ಪೇಪರ್ ಕೂಡ ಗೂಗಲ್ ಸ್ಕಾಲರ್‌ನಲ್ಲಿ ತನ್ನ ಸೈಟೇಶನ್ನುಗಳನ್ನು ಹಾಗೇ ಇಟ್ಟುಕೊಂಡಿರುತ್ತದೆ.

ಸೈಟೇಶನ್ನಿಗೆ ಸಿಗದೆ ಜಾರುವ ದೊಡ್ಡ ಕೆಲಸವೂ ಉಂಟು. ಪೆಪ್ಟೈಡ್ ಸರಪಳಿ ಎತ್ತ ಬಾಗಬಹುದು, ಎತ್ತ ಬಾಗಲಾರದು ಎನ್ನುವ ರಾಮಚಂದ್ರನ್ ಪ್ಲಾಟನ್ನು ಜಿ. ಎನ್. ರಾಮಚಂದ್ರನ್ ಮದ್ರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರೂ ಅವರೇ. ಇಂದು ಯಾವುದೇ ರಿಸೆಪ್ಟರಿನ ರಚನೆ ಬಿಡಿಸಿದರೂ ಅದು ರಾಮಚಂದ್ರನ್ ಪ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆಯೇ ಎಂದು ನೋಡಲೇಬೇಕು. ಆದರೆ ಹಾಗೆ ನೋಡಿದವರಲ್ಲಿ ಹೆಚ್ಚಿನವರು 1963ರ ಪೇಪರನ್ನು ಪಟ್ಟಿಗೆ ಸೇರಿಸುವುದಿಲ್ಲ. ಆ ಹೆಸರು ಪಠ್ಯಪುಸ್ತಕದ ಮಾತಾಗಿಹೋಗಿದೆ, ಸೈಟ್ ಮಾಡಬೇಕೆಂದು ಯಾರಿಗೂ ಅನಿಸುವುದಿಲ್ಲ.

ನಮ್ಮ ಬೆಂಗಳೂರಿನದೇ ಇನ್ನೊಂದು ಉದಾಹರಣೆ ಕೊಡುತ್ತೇನೆ, ನಿಮಗೆ ನೇರವಾಗಿ ಉಪಯೋಗವಾಗುವಂಥದು. ವಿಜ್ಞಾನ ಸಂಸ್ಥೆಯ ಸಂಧ್ಯಾ ವಿಶ್ವೇಶ್ವರಯ್ಯ ಅವರು ದಶಕಗಳ ಕಾಲ ಗ್ವಾನೈಲಿಲ್ ಸೈಕ್ಲೇಸ್-ಸಿ ಎಂಬ ಕರುಳಿನ ರಿಸೆಪ್ಟರ್ ಮೇಲೆ ಕೆಲಸ ಮಾಡಿದ್ದಾರೆ. ದೇಹದ್ದೇ ಆದ ಗ್ವಾನೈಲಿನ್, ಯೂರೋಗ್ವಾನೈಲಿನ್ ಪೆಪ್ಟೈಡ್‌ಗಳು ಅದಕ್ಕೆ ಅಂಟುತ್ತವೆ. ಬೇಧಿ ತರುವ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಪುಟ್ಟ ಪೆಪ್ಟೈಡ್ ವಿಷವೂ ಅದಕ್ಕೇ ಅಂಟಿ ಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸುತ್ತದೆ, ಕರುಳಿಗೆ ನೀರು ಸುರಿಯುತ್ತದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪೇಪರ್ ಬಂತು: ನಾರ್ವೆಯ ಒಂದು ಕುಟುಂಬದಲ್ಲಿ 32 ಜನರಿಗೆ ಬಾಲ್ಯದಿಂದಲೇ ಬೇಧಿ, ಕಾರಣ ಈ ರಿಸೆಪ್ಟರಿನ ಜೀನಿನಲ್ಲಿ ಒಂದೇ ಅಕ್ಷರದ ಬದಲಾವಣೆ. ಕುಟುಂಬವನ್ನು ಕಂಡವರು, ಜೀನ್ ಓದಿದವರು ನಾರ್ವೆಯವರು. ಬದಲಾದ ರಿಸೆಪ್ಟರ್ ಪೆಪ್ಟೈಡ್ ಸಿಕ್ಕಾಗ ಸಾಮಾನ್ಯಕ್ಕಿಂತ ಬಹಳ ಹೆಚ್ಚು ಸೈಕ್ಲಿಕ್ ಜಿಎಂಪಿ ತಯಾರಿಸುತ್ತದೆ ಎಂದು ಪ್ರಯೋಗದಿಂದ ಸಾಬೀತು ಮಾಡುವುದರಲ್ಲಿ ಬೆಂಗಳೂರಿನ ಲ್ಯಾಬಿನ ಪರಿಣತಿ ಒದಗಿತು. ಲೇಖಕರ ಪಟ್ಟಿಯಲ್ಲಿ ಅವರ ವಿದ್ಯಾರ್ಥಿಗಳ ಹೆಸರೂ ಇದೆ. ಅಂಥ ಪತ್ರಿಕೆಯ ಪೇಪರಿಗೆ ಸೈಟೇಶನ್ ಬಂದೇ ಬರುತ್ತದೆ. ಆದರೆ ವಿದ್ಯಾರ್ಥಿನಿಯಾಗಿ ನೀವು ನೋಡಬೇಕಾದದ್ದು, ನಾರ್ವೆಯ ವೈದ್ಯರಿಗೆ ಅಷ್ಟು ದೂರದ ಬೆಂಗಳೂರು ಏಕೆ ಬೇಕಾಯಿತು ಎಂಬುದನ್ನು. ಆ ಒಂದು ರಿಸೆಪ್ಟರನ್ನು ಬಿಡದೆ ಹಿಡಿದು, ಅಳತೆಯ ವಿಧಾನಗಳನ್ನು ನೆಚ್ಚುವ ಮಟ್ಟಕ್ಕೆ ತಂದಿಟ್ಟಿದ್ದರಿಂದ. ನಿಮ್ಮ ಇಬ್ಬರಲ್ಲಿ ಯಾರ ಲ್ಯಾಬಿಗೆ ಹೊರಗಿನವರು ಹೀಗೆ ಹುಡುಕಿಕೊಂಡು ಬರುತ್ತಾರೆ ಎಂದು ವಿಚಾರಿಸಿ.

ಇನ್ನು ಓದುವ ವಿಷಯ. ಇಬ್ಬರದೂ ಕಳೆದ ಆರೇಳು ವರ್ಷಗಳಲ್ಲಿ ಬಂದ, ಅವರೇ ಕರೆಸ್ಪಾಂಡಿಂಗ್ (ಪೇಪರಿನ ಹೊಣೆ ಹೊತ್ತ) ಲೇಖಕರಾಗಿರುವ ಮೂರು ಮೂರು ಪೇಪರ್ ಆರಿಸಿ. ಸಾರಾಂಶ ಬಿಟ್ಟು ನೇರ ವಿಧಾನಗಳ ಭಾಗಕ್ಕೆ ಹೋಗಿ. ರಿಸೆಪ್ಟರಿಗೆ ಪೆಪ್ಟೈಡ್ ಎಷ್ಟು ಅಂಟುತ್ತದೆ ಎಂದು ಅಳೆಯುವ ಬೈಂಡಿಂಗ್ ಪ್ರಯೋಗ ಇದ್ದರೆ ಅದನ್ನು ಸಾಲು ಸಾಲಾಗಿ ನೋಡಿ. ಪೆಪ್ಟೈಡ್‌ಗಳು ಸಿಕ್ಕಿದ್ದಕ್ಕೆಲ್ಲ ಅಂಟುತ್ತವೆ: ಟ್ಯೂಬಿನ ಪ್ಲಾಸ್ಟಿಕ್‌ಗೆ, ಗಾಜಿನ ನಾರಿನ ಫಿಲ್ಟರಿಗೆ, ಎಲ್ಲದಕ್ಕೂ. ಅದಕ್ಕೇ ಫಿಲ್ಟರನ್ನು ಮೊದಲೇ ಪಾಲಿಎಥಿಲೀನಿಮೈನ್‌ನಲ್ಲಿ ನೆನೆಸುತ್ತಾರೆ, ಬಫರಿಗೆ ಅಲ್ಬುಮಿನ್ ಹಾಕುತ್ತಾರೆ, ಪೆಪ್ಟೈಡ್ ತುಂಡಾಗಿ ಹೋಗದಂತೆ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಯುವ ವಸ್ತುಗಳನ್ನು ಸೇರಿಸುತ್ತಾರೆ. ವಿಕಿರಣ ಸೂಸುವ ಅಯೋಡಿನ್-125 ಹಚ್ಚಿದ ಪೆಪ್ಟೈಡ್ ಜೊತೆ ಹಚ್ಚದ ಪೆಪ್ಟೈಡನ್ನು ಬಹಳ ಹೆಚ್ಚು ಪ್ರಮಾಣದಲ್ಲಿ ಹಾಕಿದಾಗಲೂ ಎಷ್ಟು ವಿಕಿರಣದ ಎಣಿಕೆ ಉಳಿಯಿತು ಎಂದು ಹೇಳಿದ್ದಾರೆಯೇ? ಆ ಉಳಿಕೆ ರಿಸೆಪ್ಟರಿನದಲ್ಲ, ಅದನ್ನು ಕಳೆದ ಮೇಲೆ ಸಿಗುವುದೇ ನಿಜವಾದ ಬೈಂಡಿಂಗ್. ಒಟ್ಟು ಎಣಿಕೆಯನ್ನೂ ಈ ಉಳಿಕೆಯನ್ನೂ ಗ್ರಾಫಿನಲ್ಲಿ ಬೇರೆ ಬೇರೆಯಾಗಿ ತೋರಿಸಿದವರನ್ನು ನಾನು ಹೆಚ್ಚು ನಂಬುತ್ತೇನೆ. ಪ್ರಯೋಗ ಎಷ್ಟು ಸಲ ಸ್ವತಂತ್ರವಾಗಿ ಮಾಡಿದ್ದು, ಒಂದೇ ದಿನದ ಮೂರು ಟ್ಯೂಬನ್ನೇ ಮೂರು ಪ್ರಯೋಗ ಎಂದು ಲೆಕ್ಕ ಹಾಕಿಲ್ಲವಷ್ಟೆ? ಆಂಟಿಬಾಡಿ ಬಳಸಿದ್ದರೆ, ರಿಸೆಪ್ಟರ್ ಇಲ್ಲದ ಕೋಶದಲ್ಲಿ ಪರೀಕ್ಷಿಸಿದ್ದಾರೆಯೇ? ಇದೊಂದು ಪ್ರಶ್ನೆಗೆ ಉತ್ತರವಿಲ್ಲದ ಪೇಪರನ್ನು ಎಷ್ಟು ಜನ ಸೈಟ್ ಮಾಡಿದ್ದರೂ ಅನುಮಾನದಿಂದಲೇ ಓದಿ.

ಲೇಖಕರ ಪಟ್ಟಿಯನ್ನೂ ನೋಡಿ. ನಮ್ಮ ಕ್ಷೇತ್ರದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯದು ಲ್ಯಾಬ್ ಮುಖ್ಯಸ್ಥರದು. ಆ ಲ್ಯಾಬಿನಲ್ಲಿ ಪಿಎಚ್‌ಡಿ ಮುಗಿಸಿದ ಪ್ರತಿಯೊಬ್ಬರಿಗೂ ಮೊದಲ ಹೆಸರಿನ ಪೇಪರ್ ಇದೆಯೇ, ಸೇರಿದ ಎಷ್ಟು ವರ್ಷಕ್ಕೆ ಬಂತು, ಈಗ ಅವರು ಎಲ್ಲಿದ್ದಾರೆ? ನಿಮ್ಮ ಮುಂದಿನ ಐದಾರು ವರ್ಷ ಹೇಗಿರುತ್ತದೆ ಎಂದು ತಿಳಿಯಲು ಗೈಡ್‌ನ ಎಚ್-ಇಂಡೆಕ್ಸಿಗಿಂತ ಇದು ಹತ್ತು ಪಾಲು ಮೇಲು. ಪ್ರಕಟವಾದ ಪೇಪರ್‌ಗಳ ಮೇಲೆ ಟಿಪ್ಪಣಿ ಬರೆಯುವ ತಾಣವಾದ ಪಬ್‌ಪಿಯರ್‌ನಲ್ಲಿ ಇಬ್ಬರ ಹೆಸರನ್ನೂ ಹಾಕಿ ಹುಡುಕಿ. ಅಲ್ಲಿ ಟಿಪ್ಪಣಿ ಇದ್ದ ಮಾತ್ರಕ್ಕೆ ತಪ್ಪಿತಸ್ಥರೆಂದಲ್ಲ, ಆದರೆ ಅದಕ್ಕೆ ಅವರು ಹೇಗೆ ಉತ್ತರಿಸಿದ್ದಾರೆ ಎಂಬುದು ತುಂಬ ತಿಳಿಸುತ್ತದೆ.

ಮನೆಯವರಿಗೆ ಏನು ಹೇಳುವುದು ಎಂಬ ಚಿಂತೆಯೂ ನಿಮಗಿದೆ ಎಂದು ಕಾಣುತ್ತದೆ. ಮೊದಲನೆಯವರ ಅಂಕಿಗೆ ಬೆಲೆಯೇ ಇಲ್ಲ ಎಂದು ವಾದಿಸಬೇಡಿ. ಸಮಾನ ವಯಸ್ಸಿನ, ಒಂದೇ ರಿಸೆಪ್ಟರಿನ ಕೆಲಸದವರಾಗಿದ್ದು, ರಿವ್ಯೂಗಳನ್ನು ಬಿಟ್ಟ ಮೇಲೂ ಅವರ ಸೈಟೇಶನ್ ಅಷ್ಟೇ ಎತ್ತರದಲ್ಲಿದ್ದರೆ ಅದು ನಿಜವಾದ ಮನ್ನಣೆ. ಅಂಥ ಲ್ಯಾಬಿಗೆ ಅನುದಾನ, ಉಪಕರಣ, ಹೊರಗಿನ ಸಂಪರ್ಕ ಸುಲಭ, ನಿಮಗೂ ಅದರ ಲಾಭವಿದೆ. ಹಾಗೆಂದು ದೊಡ್ಡ ಲ್ಯಾಬಿನಲ್ಲಿ ಗೈಡ್ ವಾರಕ್ಕೊಮ್ಮೆಯಾದರೂ ನಿಮ್ಮ ಡೇಟಾ ನೋಡುತ್ತಾರೆಯೇ ಎಂದು ಅಲ್ಲಿನ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕೇಳದೆ ಸೇರಬೇಡಿ.

ಇಬ್ಬರಿಗೂ ಮೇಲ್ ಬರೆದು, ಲ್ಯಾಬ್ ಮೀಟಿಂಗ್‌ನಲ್ಲಿ ಒಂದು ದಿನ ಕೂರಲು ಅನುಮತಿ ಕೇಳಿ. ಹೋಗುವಾಗ ನೀವು ಓದಿದ ಅವರ ಪೇಪರಿನಿಂದ ಒಂದು ಚಿತ್ರ ಆರಿಸಿಕೊಂಡು ಹೋಗಿ, ಈ ಪ್ರಯೋಗ ಮೊದಲ ಸಲ ಮಾಡಿದಾಗ ಏನಾಗಿತ್ತು ಸರ್, ಎಂದು ಕೇಳಿ. ಉತ್ತರವನ್ನು ಗೈಡ್ ಕೊಡುತ್ತಾರೋ, ಆ ಪ್ರಯೋಗ ಮಾಡಿದ ವಿದ್ಯಾರ್ಥಿಯನ್ನೇ ಕರೆದು ಮಾತಾಡಲು ಬಿಡುತ್ತಾರೋ ಗಮನಿಸಿ. ಎರಡೂ ಕಡೆ ಹೋಗಿ ಬಂದ ಮೇಲೆ ಬೇಕಿದ್ದರೆ ಆ ಆರು ಪೇಪರ್‌ಗಳನ್ನು ನನಗೆ ಕಳಿಸಿ, ವಿಧಾನಗಳ ಭಾಗವನ್ನು ನಾನೂ ಓದಿ ಅನಿಸಿದ್ದನ್ನು ಬರೆಯುತ್ತೇನೆ.